ವ್ರತ ಮಠದಲ್ಲಿರಲಿ, ಪಾಠ ಶಾಲೆಯಲ್ಲಿ ನಡೆಯಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ತಾಯಿ ತಂದೆಯರೇ, ಶಿಕ್ಷಕರೇ, ಎಸ್‌ಡಿಎಂಸಿ ಸದಸ್ಯರೇ,

ಬ್ರಹ್ಮಚರ್ಯ ಹಿಡಿದವರಿಗೆ ಕೈ ಮುಗಿಯುವ ನಾಡು ನಮ್ಮದು. ಸನ್ನತಿಯಲ್ಲಿ ಬೌದ್ಧ ಭಿಕ್ಷುಗಳು, ಮಳಖೇಡದಲ್ಲಿ ಜೈನ ಮುನಿಗಳು, ಮಾಧ್ವ ಯತಿಗಳು ನಡೆದಾಡಿದ ನೆಲವಿದು. ಇಂದಿಗೂ ವಿರಕ್ತ ಮಠಗಳಿವೆ, ಬ್ರಹ್ಮಕುಮಾರಿಯರ ಆಶ್ರಮಗಳಿವೆ. ಬುದ್ಧಿ ಬಲಿತವರು ತಾವಾಗಿ ಹಿಡಿದ ವ್ರತಕ್ಕೆ ನಮ್ಮ ಗೌರವವಿದೆ. ಅದೇ ವ್ರತವನ್ನು ಸರ್ಕಾರದ ಶಿಕ್ಷಣ ನೀತಿ ಮಾಡಿ, ಎಂಟನೇ ತರಗತಿಯ ಮಕ್ಕಳಿಂದ ಅವರ ದೇಹದ ತಿಳಿವಳಿಕೆಯನ್ನೇ ಮುಚ್ಚಿಡುವುದನ್ನು ನಾವು ವಿರೋಧಿಸುತ್ತೇವೆ.

ಇದು ಕಲ್ಪನೆಯ ಭಯವಲ್ಲ. ಏಡ್ಸ್ ತಡೆಗಾಗಿ ಕೇಂದ್ರ ಸರ್ಕಾರ ಶಾಲೆಗಳಿಗೆ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಸಂಸ್ಕೃತಿಗೆ ವಿರುದ್ಧ ಎಂಬ ಕೂಗೆದ್ದಾಗ, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ, ಮದುವೆಗೆ ಮುಂಚೆ ಸಂಬಂಧ ಸಲ್ಲದೆಂದು ಕಲಿಸಿ, ಸಂತರ ಜೀವನಪಾಠಗಳನ್ನು ಸೇರಿಸಿ ಎಂದು ವರದಿ ಕೊಟ್ಟಿತು. 2023ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ನೈತಿಕ ಶಿಕ್ಷಣದ ಚರ್ಚೆಗೆ ಮಠಾಧೀಶರನ್ನೇ ಬೆಂಗಳೂರಿಗೆ ಕರೆಸಿತು.

"ಮದುವೆಯ ತನಕ ತಡೆದುಕೊಳ್ಳಿ" ಎನ್ನುವ ಉಪದೇಶ ಕೇಳಲು ಚೆನ್ನ. ಆದರೆ ನಮ್ಮ ಭಾಗದಲ್ಲಿ ಮದುವೆ ಯಾವಾಗ ಆಗುತ್ತದೆ? ಚಿಂಚೋಳಿಯ ತಾಂಡಾಗಳಿಂದ ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೊರಡುವವರು ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಹುಡುಗಿ ಮೈನೆರೆದರೆ ಸಾಕು, ಊರವರ ಬಾಯಿಗೆ ಹೆದರುತ್ತಾರೆ. ಏನಾದರೂ ಆಗುವ ಮೊದಲು ಕೈ ತೊಳೆದುಕೊಳ್ಳೋಣವೆಂದು ಹದಿನೈದಕ್ಕೇ ತಾಳಿ ಕಟ್ಟಿಸುತ್ತಾರೆ. ಸಂಯಮದ ಹೆಸರಿನಲ್ಲಿ ಬಿತ್ತಿದ ಭಯ ಬಾಲ್ಯವಿವಾಹವಾಗಿ ಬೆಳೆಯುವುದು ಹೀಗೆ. ಆ ಮದುವೆಯಲ್ಲಿ ಆಕೆಗೆ ರಕ್ಷಣೆ ಎಲ್ಲಿದೆ? ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 18 ತುಂಬದ ಹೆಂಡತಿಯೊಡನೆ ಗಂಡ ಕೂಡಿದರೂ ಅದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಹೇಳಿದೆ. ಈ ಎರಡು ಮಾತು ಗೊತ್ತಿಲ್ಲದ ಹುಡುಗಿಗೆ ಸಂತರ ಜೀವನಪಾಠ ಒಂದೇ ಸಾಲದು.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆರೆಯಿರಿ. ಸಂತಾನೋತ್ಪತ್ತಿಯ ಅಧ್ಯಾಯ ಅದರಲ್ಲೇ ಇದೆ. ಹೂವಿನ ಪರಾಗಸ್ಪರ್ಶದ ತನಕ ಪಾಠ ಚೆನ್ನಾಗಿ ನಡೆಯುತ್ತದೆ. ಮನುಷ್ಯರ ಚಿತ್ರ ಬಂತೆಂದರೆ "ಇದನ್ನ ಮನ್ಯಾಗ ಓದ್ಕೊಳ್ರಿ" ಎಂದು ಎಷ್ಟೋ ಶಿಕ್ಷಕರು ಪುಟ ತಿರುವುತ್ತಾರೆ. ಮನೆಯಲ್ಲಿ ಹೇಳಿಕೊಡುವವರು ಯಾರು? ಮೊಬೈಲ್ ಹೇಳಿಕೊಡುತ್ತದೆ, ಅದೂ ಅತ್ಯಂತ ಹೊಲಸಾಗಿ. ಅದಕ್ಕಿಂತ ಮೊದಲೇ, ಏಳನೇ ತರಗತಿಯಲ್ಲಿ, ಲಂಗದ ಮೇಲೆ ರಕ್ತದ ಕಲೆ ಕಂಡು ರೋಗ ಬಂತೆಂದು ಅಳುವ ಹುಡುಗಿಗೆ ಒಂದು ಮಾತೂ ಯಾರೂ ಹೇಳಿರುವುದಿಲ್ಲ.

ಬರೀ ಸಂಯಮ ಬೋಧಿಸುವ ದಾರಿಯನ್ನು ಅಮೆರಿಕ ಹಿಡಿದು ನೋಡಿದೆ. ಚರ್ಚುಗಳ ಒತ್ತಾಸೆಯಿಂದ 1996ರ ಕಾಯ್ದೆಯಲ್ಲಿ ಅದಕ್ಕೆಂದೇ ವರ್ಷಕ್ಕೆ 5 ಕೋಟಿ ಡಾಲರ್ ಇಟ್ಟರು. ಅಲ್ಲಿನ ಸಂಸತ್ತೇ ಮಾಡಿಸಿದ ಅಧ್ಯಯನ 2007ರಲ್ಲಿ ಹೊರಬಂತು: ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸ್ವಾಮೀಜಿಗಳು ವಿರೋಧಿಸಿದರೆಂದು ಸರ್ಕಾರ ಹಿಂದೆ ಸರಿಯಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಸಿಟ್ಟಾದರು. ಮಕ್ಕಳ ಅಪೌಷ್ಟಿಕತೆಯೇ ಮುಖ್ಯವೆಂದು ಯೋಜನೆ ಮುಂದುವರಿಯಿತು, ಮರುವರ್ಷ ಇಡೀ ರಾಜ್ಯಕ್ಕೆ ಹರಡಿತು. ಇಲ್ಲೂ ಅದೇ ಗಟ್ಟಿತನ ಬೇಕು. ನಮ್ಮ ಜಿಲ್ಲೆ ಆರಾಧಿಸುವ ಶರಣಬಸವೇಶ್ವರರೂ ಸಂಸಾರಿಗಳೇ ಆಗಿದ್ದರು. ದೇಹದ ಮಾತೇ ಮೈಲಿಗೆ ಎನ್ನುವುದು ನಮ್ಮ ಪರಂಪರೆಯ ಕೊನೆಯ ಮಾತಲ್ಲ.

8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ಊರಿನ ಶಾಲೆಯಲ್ಲಿ ಆ ತಾಸು ನಡೆಯುತ್ತಿದೆಯೇ ಎಂದು ಮುಖ್ಯಗುರುಗಳನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಶಾಲೆಗೆ ಕರೆಸಿ, ಗಂಡುಮಕ್ಕಳನ್ನೂ ಕೂರಿಸಿ. ಎಳೆಯ ವಯಸ್ಸಿನ ಮದುವೆ ನಿಶ್ಚಯವಾದ ಸುದ್ದಿ ಬಂದರೆ 1098ಕ್ಕೆ ಫೋನ್ ಮಾಡಿ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿಯಿರುವ ಪ್ರತಿಯನ್ನು ಕೈಗೆ ತೆಗೆದುಕೊಂಡೇ ಹೊರಗೆ ಬನ್ನಿ.