ತಾಂತ್ರಿಕವೋ? ವಾಣಿಜ್ಯವೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ಇದೇ ಚರ್ಚೆ: ಮುಂದೆ ಬಿ.ಇ. ಓದಿಸುವುದೋ, ಬಿ.ಕಾಂ. ಓದಿಸುವುದೋ? ಯಾವುದಕ್ಕೆ ಬೇಗ ಕೆಲಸ ಸಿಗುತ್ತದೆ ಎಂಬುದೇ ಪಾಲಕರ ಚಿಂತೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಾಳೆ ಮನಸ್ಸು ಬದಲಾದರೆ ದಾರಿ ಇದೆಯೇ?

ಕರ್ನಾಟಕದಲ್ಲಿ ಸಿಇಟಿ ಮೂಲಕ ಬಿ.ಇ. ಸೇರಲು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಲೇಬೇಕು. ವಾಣಿಜ್ಯ ವಿಭಾಗ ಆರಿಸಿಕೊಂಡವರಿಗೆ ಈ ಬಾಗಿಲು ಅಲ್ಲಿಗೇ ಮುಚ್ಚಿದಂತೆ. ಬಿ.ಇ. ಮುಗಿಸಿದವರಾದರೋ ಎಂ.ಬಿ.ಎ. ಸೇರಬಹುದು. ಪದವಿಯಲ್ಲಿ ಶೇ 60 ಅಂಕವಿದ್ದರೆ ಸಿ.ಎ. ಇಂಟರ್‌ಮೀಡಿಯೆಟ್‌ಗೂ ನೇರ ಪ್ರವೇಶವಿದೆ. ವಾಣಿಜ್ಯ ಪದವೀಧರರಿಗೆ ಶೇ 55 ಸಾಕು. ಆದ್ದರಿಂದ ಗಣಿತ ಹಿಡಿಸುವ, ಆದರೆ ಗುರಿ ಇನ್ನೂ ನಿರ್ಧಾರವಾಗದ ವಿದ್ಯಾರ್ಥಿಗೆ ಪಿಯುಸಿಯಲ್ಲಿ ವಿಜ್ಞಾನವೇ ಕ್ಷೇಮ.

ಹಾಗೆಂದು ಎಲ್ಲರೂ ಅತ್ತಲೇ ನುಗ್ಗಬೇಕಿಲ್ಲ. ಗಣಿತವೆಂದರೆ ಹೆದರುವ ಹುಡುಗನನ್ನು ಬಿ.ಇ.ಗೆ ದೂಡಿದರೆ ನಾಲ್ಕು ವರ್ಷದ ಶುಲ್ಕದ ಜೊತೆಗೆ ಅವನ ಆತ್ಮವಿಶ್ವಾಸವೂ ಕರಗುತ್ತದೆ. ಕಂಪ್ಯೂಟರಿನಲ್ಲಿ ಒಲವಿರುವ ವಾಣಿಜ್ಯ ವಿದ್ಯಾರ್ಥಿಗಳು ಬಿ.ಸಿ.ಎ. ಬಗ್ಗೆ ಯೋಚಿಸಬಹುದು, ಅರ್ಹತೆಯ ನಿಯಮವನ್ನು ಆಯಾ ಕಾಲೇಜಿನಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಉದ್ಯಮಕ್ಕೆ ಇಬ್ಬರೂ ಬೇಕು. ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ 1967ರಲ್ಲಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದವರು. 1994ರಲ್ಲಿ ಅದೇ ಸಂಸ್ಥೆ ಸೇರಿ, 2006ರವರೆಗೆ ಅದರ ಹಣಕಾಸಿನ ಹೊಣೆ ಹೊತ್ತಿದ್ದ ಟಿ.ವಿ. ಮೋಹನದಾಸ್ ಪೈ ಓದಿದ್ದು ಬಿ.ಕಾಂ., ಕಾನೂನು ಮತ್ತು ಸಿ.ಎ.

ಅರ್ಜಿ ತುಂಬುವ ಮುನ್ನ ಪಾಲಕರು ಒಂದನ್ನು ಗಮನಿಸಲಿ: ಯಾರೂ ಹೇಳದಿದ್ದರೂ ಮಗಳೋ ಮಗನೋ ತಾನಾಗಿ ತೆರೆಯುವ ಪುಸ್ತಕ ಯಾವುದು?