ಗಾಳದ ಮೀನಿಗೆ ಕನ್ನಡಿ ಮೈ

ತಾಜಾ ಬೂತಾಯಿಯನ್ನು ಬುಟ್ಟಿಯಿಂದೆತ್ತಿ ಬೆಳಕಿಗೆ ಹಿಡಿದವರಿಗೆ ಗೊತ್ತು, ಅದರ ಪಕ್ಕೆ ಬಿಳಿಯೂ ಅಲ್ಲ, ಬೂದಿಯೂ ಅಲ್ಲ; ಅದು ಕನ್ನಡಿ. ಕುಂದಾಪುರದ ಕಡೆ ಬೈಗೆ ಎಂದು ಕರೆಯುವ ಈ ಮೀನಿನ ಮೈಯನ್ನು ಒಂದು ಮರದ ತುಂಡಿನ ಮೇಲೆ ತರುವುದು ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದ ಮೇಲೆಯೇ ತಿಳಿಯುತ್ತದೆ.

ಬ್ರಹ್ಮಾವರದ ಆಸುಪಾಸಿನಲ್ಲಿ ನೀರಿಗೆ ಕೊರತೆಯಿಲ್ಲ. ಮಾಬುಕಳದಲ್ಲಿ ಹೆದ್ದಾರಿಯ ಸೇತುವೆಯಡಿ ಹಾದ ಸೀತಾನದಿ, ಕೋಡಿಬೇಂಗ್ರೆಯಲ್ಲಿ ಸ್ವರ್ಣಾ ನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ಅಳಿವೆಯ ಕೆಂಬೇರಿಗೆ ಚಟ್ಲಿ ಚುಚ್ಚಿ ಗಾಳ ಹಾಕುವುದು ಹಳೆಯ ಕ್ರಮ. ಈಗ ಹುಡುಗರ ಕೈಯಲ್ಲಿ ‘ಲ್ಯೂರ್’ ಎಂಬ ಹುಸಿಮೀನೂ ಕಾಣಿಸುತ್ತದೆ. ಅಂಗಡಿಯಿಂದ ತಂದದ್ದು ಕಲ್ಲಿಗೆ ಸಿಕ್ಕಿ ತುಂಡಾದರೆ ದುಡ್ಡು ಅಕ್ಷರಶಃ ನೀರುಪಾಲು. ಹಾಗಾಗಿ ಮನೆಯಲ್ಲೇ ಕೆತ್ತುವ ಆಸೆ ಸಹಜ. ಕೆತ್ತಿದ್ದು ಮೀನಿನಂತೆಯೇ ಇರುತ್ತದೆ. ಆದರೆ ‘ಕ್ರೋಮ್’ ಎಂದು ಬರೆದ ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆದಾಗ ಸಿಗುವುದು ಕನ್ನಡಿಯಲ್ಲ, ಗೇಟಿಗೆ ಬಳಿಯುವ ಬೂದುಬೆಳ್ಳಿ.

ಇದು ಡಬ್ಬಿಯ ಮೋಸವೇನಲ್ಲ. ಸಾಮಾನ್ಯವಾಗಿ ಇಂಥ ಬಣ್ಣದಲ್ಲಿ ಕ್ರೋಮಿಯಂ ಇರುವುದೇ ಇಲ್ಲ. ಇರುವುದು ಅಲ್ಯೂಮಿನಿಯಂನ ಅತಿ ತೆಳುವಾದ ಹಾಳೆಚೂರುಗಳು. ಅವೆಲ್ಲ ಹೆಂಚು ಹೊದಿಸಿದಂತೆ ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗಿದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಮುಖ ಕಾಣುತ್ತದೆ. ಓರೆಕೋರೆಯಾಗಿ ನಿಂತರೆ ಬೆಳಕು ಚದುರಿ ಬೂದು ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಭಾಗ. ಕನ್ನಡಿಯ ಏರುತಗ್ಗುಗಳು ಅದಕ್ಕಿಂತಲೂ ಬಹಳ ಚಿಕ್ಕವಿರಬೇಕು. ಯಾವ ವಾಟರ್ ಪೇಪರೂ ಮರಕ್ಕೆ ಅಂಥ ನುಣುಪು ಕೊಡಲಾರದು. ಕೊಡುವುದು ಕೆಳಗಿನ ಬಣ್ಣ. ದ್ರವವಾಗಿರುವಾಗ ಅದು ಹರಿದು, ಗಾಳಿಯಿಲ್ಲದ ಹೊತ್ತಿನ ಕೆರೆಯಂತೆ ತಾನೇ ಸಮನಾಗುತ್ತದೆ.

ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಕ್ರೋಮಿನ ಡಬ್ಬಿ ತೆರೆಯುವ ಮೊದಲೇ ಮುಗಿಯಬೇಕು. ಹಾಲೆ ಮರದಂಥ ಹಗುರ ಮರ ಕೆತ್ತಲು ಹಿತ. (ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೊಡುವ ಮರವೇ ಇದು. ಹಿಂದೆ ಇದರ ಹಲಗೆಯಿಂದ ಶಾಲೆಯ ಬರೆಯುವ ಹಲಗೆಗಳನ್ನು ಮಾಡುತ್ತಿದ್ದರಂತೆ. ಸಸ್ಯಶಾಸ್ತ್ರದಲ್ಲಿ ‘ಸ್ಕಾಲರಿಸ್’ ಎಂಬ ಹೆಸರು ಬಂದದ್ದು ಹಾಗೆ.) ಆದರೆ ಇಂಥ ಮರ ನೀರು ಕುಡಿಯುತ್ತದೆ. ಸೀಲರ್ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು ರಂಧ್ರಗಳೆಲ್ಲ ಮುಚ್ಚಬೇಕು. ಅದರ ಮೇಲೆ ಹೊಳೆಯುವ ಕಪ್ಪು ಎನಾಮಲ್. ಅದು ಮುಟ್ಟಿದಾಗ ಅಂಟದಿದ್ದರೆ ಸಾಲದು, ಒಳಗೂ ಗಟ್ಟಿಯಾಗಲು ಕೆಲವು ದಿನ ಬೇಕು. ಬಳಿಕ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಬೇಕು. ಕಪ್ಪಿನಲ್ಲಿ ಕಾಣುವ ದೀಪದ ಅಂಚು ಸ್ಫುಟವಾಗಿದ್ದರೆ ಮುಂದುವರಿಯಬಹುದು. ಅಂಚು ನಡುಗಿದರೆ ಅಥವಾ ಮಸುಕಾಗಿದ್ದರೆ ಕ್ರೋಮ್ ಆ ದೋಷವನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಆಮೇಲೆ ಕ್ರೋಮನ್ನು ಇಬ್ಬನಿಯಷ್ಟು ತೆಳುವಾಗಿ, ಎರಡು ಮೂರು ಸಲ ಹಾಯಿಸಿದರೆ ಸಾಕು. ದಪ್ಪವಾದಷ್ಟೂ ಚೂರುಗಳು ಒದ್ದೆಯಲ್ಲಿ ತೇಲಿ ಅಡ್ಡಾದಿಡ್ಡಿಯಾಗುತ್ತವೆ.

ಮಳೆಗಾಲದಲ್ಲಿ ಕರಾವಳಿಯವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಬಣ್ಣದ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿಯ ನೀರು ಅದರ ಮೇಲೆ ಕೂತು ಹಾಲು ಚೆಲ್ಲಿದಂತಹ ಮಸುಕು ಬರುತ್ತದೆ. ಡಿಸೆಂಬರ್, ಜನವರಿಯ ಮಧ್ಯಾಹ್ನಗಳು ಒಳ್ಳೆಯವು.

ಇಷ್ಟೆಲ್ಲ ಆಗಿ ಕನ್ನಡಿ ಸಿಕ್ಕಿತೆನ್ನೋಣ. ಅದನ್ನು ಉಪ್ಪುನೀರಿನಿಂದ ಕಾಪಾಡಲು ಮೇಲೊಂದು ವಾರ್ನಿಷ್ ಬೇಕೇ ಬೇಕು. ನಿಜವಾದ ಸೋಲು ಇಲ್ಲಿರುವುದು. ವಾರ್ನಿಷಿನ ದ್ರಾವಕ ಕ್ರೋಮಿನ ಪದರವನ್ನು ಮೆತ್ತಗಾಗಿಸುತ್ತದೆ, ಮಲಗಿದ್ದ ಚೂರುಗಳು ಏಳುತ್ತವೆ, ವಾರದ ದುಡಿಮೆ ಕಣ್ಣೆದುರೇ ಬೂದಿಬಣ್ಣಕ್ಕೆ ತಿರುಗುತ್ತದೆ. ವಾಹನಗಳಿಗೆ ಬಳಸುವ ಎರಡು ಭಾಗಗಳ ಗಟ್ಟಿ ಮೆರುಗಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಸ್ಪ್ರೇ ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ನಿಜವಾದ ಕ್ರೋಮ್ ಲೇಪನದ ದ್ರಾವಣಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಕ್ಯಾನ್ಸರ್‌ಕಾರಕ ರೂಪದ ಕ್ರೋಮಿಯಂ. ಇವೆರಡೂ ಮನೆಯ ಜಗಲಿಗೆ ಬರತಕ್ಕವಲ್ಲ.

ಹಾಗಾದರೆ ದಾರಿ? ಅದನ್ನು 1936ರಷ್ಟು ಹಿಂದೆಯೇ ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಪಾಲಾ ಕಂಡುಕೊಂಡಿದ್ದ. ಚಮ್ಮಾರರ ಚಾಕುವಿನಿಂದ ಬೆಂಡಿನ ಮೀನು ಕೆತ್ತಿ, ಚಾಕಲೇಟಿಗೆ ಸುತ್ತಿ ಬರುವ ಬೆಳ್ಳಿ ತಗಡನ್ನು ಮೈಗಂಟಿಸಿ, ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೆರುಗು ಮಾಡಿದ. ತಗಡು ಚೂರುಗಳ ರಾಶಿಯಲ್ಲ, ಒಂದೇ ಹಾಳೆ. ಯಾವ ವಾರ್ನಿಷೂ ಅದನ್ನು ಕದಲಿಸಲಾರದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಹೊಳೆಯುವ ಬದಿ ಹೊರಗೆ ಬರುವಂತೆ ಅಂಟಿಸಿ, ಚಮಚದ ಬೆನ್ನಿನಿಂದ ಸವರಿ ಸುಕ್ಕು ತೆಗೆದು, ಮೇಲೆ ವಾರ್ನಿಷ್ ಬಳಿದರೆ ಹೈಸ್ಕೂಲಿನ ಹುಡುಗನಿಗೆ ಬೇಕಾದ ಕನ್ನಡಿ ಸಿಕ್ಕಿತು. ಸ್ಪ್ರೇ ಡಬ್ಬಿಗಿಂತ ಇದೇ ಮೇಲು.

ಇನ್ನು ಮೀನಿನ ಲೆಕ್ಕಾಚಾರ ಬೇರೆಯೇ. ಅದರ ಚರ್ಮ ಮತ್ತು ಹುರುಪೆಯಲ್ಲಿ ಲೋಹವಿಲ್ಲ. ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳ ಪದರಗಳಿವೆ. ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ನೇ ಅದು. ಇಂಗ್ಲೆಂಡಿನ ವಿಜ್ಞಾನಿ ಎರಿಕ್ ಡೆಂಟನ್ 1970ರಲ್ಲಿ ವಿವರಿಸಿದಂತೆ, ಇಂಥ ಮೀನುಗಳ ಮೈ ದುಂಡಗಿದ್ದರೂ ಹರಳುಗಳು ಬಹುಮಟ್ಟಿಗೆ ನೇರ ಗೋಡೆಯಂತೆ ನಿಂತಿರುತ್ತವೆ. ನೀರಿನಲ್ಲಿ ಬೆಳಕು ಎಲ್ಲ ಪಕ್ಕಗಳಿಂದಲೂ ಹೆಚ್ಚುಕಡಿಮೆ ಒಂದೇ ಸಮ ಬರುವುದರಿಂದ, ಆ ಗೋಡೆ ಸುತ್ತಲಿನ ನೀರನ್ನೇ ತೋರಿಸಿ ಮೀನನ್ನು ಮರೆಮಾಡುತ್ತದೆ. ಅಂದರೆ ಬೂತಾಯಿ ಹೊಳೆಯುವುದು ಬುಟ್ಟಿಯಲ್ಲಿ. ನೀರಿನಲ್ಲಿ ಅದು ಮಾಯ. ಗಾಯಗೊಂಡೋ ಸೋತೋ ವಾಲಿದಾಗ ಮಾತ್ರ ಮಿಂಚು ಹೊರಡುತ್ತದೆ, ಬೇಟೆಗಾರ ಮೀನು ನುಗ್ಗುವುದು ಆ ಮಿಂಚಿಗೆ. ರಪಾಲಾ ಗಮನಿಸಿದ್ದೂ ಹಿಂಡಿನಲ್ಲಿ ಓಲಾಡುವ ಒಂಟಿ ಮೀನನ್ನೇ.

ಆದ್ದರಿಂದ ಹುಸಿಮೀನಿನ ಬೆನ್ನನ್ನು ಕಡುನೀಲಿ ಅಥವಾ ಕಪ್ಪುಹಸಿರು ಮಾಡಿ, ಹೊಟ್ಟೆಯನ್ನು ಬಿಳಿಯಾಗಿ ಬಿಟ್ಟು, ಪಕ್ಕೆಗಷ್ಟೇ ತಗಡು ಅಂಟಿಸಿದರೆ ಸಾಕು. ಭಾರಕ್ಕೆ ಸೀಸದ ಬದಲು ಹಿತ್ತಾಳೆಯ ತುಂಡು ಸೇರಿಸಬಹುದು. ವಾರ್ನಿಷ್ ಬಳಿಯುವುದು ತೆರೆದ ಜಗಲಿಯಲ್ಲಿ, ಒಲೆಯಿಂದ ದೂರ, ದೊಡ್ಡವರೊಬ್ಬರು ಎದುರಿಗಿದ್ದಾಗ. ಕೊಕ್ಕೆ ಸಿಕ್ಕಿಸುವುದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು ಅಂಗಳದ ನೀರಿನ ತೊಟ್ಟಿಯಲ್ಲಿ ದಾರ ಕಟ್ಟಿ ಎಳೆದು ನೋಡಬೇಕು. ನೇರವಾಗಿ ಬಂದರೆ ಮೂತಿಯ ಕೆಳಗಿನ ತಗಡಿನ ನಾಲಗೆಯನ್ನು ಇನ್ನಷ್ಟು ಬಗ್ಗಿಸಿ, ಎಡಕ್ಕೂ ಬಲಕ್ಕೂ ವಾಲುತ್ತ ಬರುವವರೆಗೆ ಮತ್ತೆ ಮತ್ತೆ ಎಳೆಯುವುದು.