ನವಿಲಿನ ಚಿತ್ರವಿತ್ತು, ಬ್ರೇಕ್ ಇರಲಿಲ್ಲ

ಅಡಿಕೆ ಬೇಯಿಸುವ ಮನೆಗಳಿಗೆ ಕಟ್ಟಿಗೆಯ ಚಿಂತೆ ಬೇಸಿಗೆಯಲ್ಲೇ ಶುರು. ಕೊನೆ ಕೊಯ್ಲು ಬಂತೆಂದರೆ ಹಂಡೆಯ ಕೆಳಗೆ ದಿನವೂ ಬೆಂಕಿ. ಅಷ್ಟಕ್ಕೂ ಬೇಕಾದ್ದು ಮಳೆ ಹಿಡಿಯುವ ಮೊದಲೇ ಕೊಟ್ಟಿಗೆ ಸೇರಿರಬೇಕು. ಬಾಡಿಗೆ ಗಾಡಿಗೆ ಫೋನ್ ಮಾಡಿ ಮಾಡಿ ಬೇಜಾರಾಗಿ, ಎರಡು ಬೇಸಿಗೆಯ ಹಿಂದೆ ನಾನೇ ಒಂದು ಹಳೇ ಜಾಕ್ ಟ್ರೈಲರ್ ಕೊಂಡೆ. ಹಿಂದಿನ ಡೋರ್ ತೆಗೆದು ಲಿವರ್ ಎತ್ತಿದರೆ ಕಟ್ಟಿಗೆಯೆಲ್ಲ ತಾನೇ ಅಂಗಳಕ್ಕೆ ಸುರಿಯುವುದನ್ನು ನೋಡುವುದೇ ಒಂದು ಸುಖ. ಆ ಸುಖಕ್ಕೇ ಮರುಳಾದೆ.

ಗಾಡಿ ಬಯಲುಸೀಮೆಯದು. ಬದಿಗೆ ಜೋಡಿ ನವಿಲು, ಹಿಂದೆ ‘ತಾಯಿಯ ಆಶೀರ್ವಾದ’. “ಪೇಂಟ್ ಈಗಷ್ಟೇ ಹೊಡೆಸಿದ್ದು ಅಮ್ಮಾ, ಹೊಸದರ ಹಾಗೇ ಇದೆ” ಎಂದರು ಮಾರಿದವರು. ಹಳೇ ಗಾಡಿಗೆ ಹೊಸ ಪೇಂಟ್ ಯಾಕೆ ಹೊಡೆಸುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಎರಡನೇ ಟ್ರಿಪ್ಪಿಗೇ ಹೊಳೆಯಿತು. ಹಸಿ ಅಕೇಶಿಯಾ ತುಂಬಿಕೊಂಡು ಗುಡ್ಡ ಇಳಿಯುತ್ತಿದ್ದೆವು. ಡ್ರೈವರ್ ಹುಡುಗ ಬ್ರೇಕ್ ತುಳಿದ. ಟ್ರ್ಯಾಕ್ಟರಿನ ಚಕ್ರ ಹಿಡಿಯಿತು, ಟ್ರೈಲರ್ ಹಿಡಿಯಲಿಲ್ಲ. ಹಿಂದಿನಿಂದ ದೂಡಿಕೊಂಡೇ ಬಂತು. ಜಂಬಿಟ್ಟಿಗೆ ಹರಳಿನ ಮೇಲೆ ಎರಡೂ ಮಡಚಿಕೊಂಡು, ಟ್ರ್ಯಾಕ್ಟರ್ ಧರೆಗೆ ಮೂತಿ ಗುದ್ದಿ ನಿಂತಿತು. ಆಚೆ ಬದಿಗೆ ತಿರುಗಿದ್ದರೆ ಕೆಳಗೆ ತೋಟ. ಹುಡುಗ ಇಳಿದು ಬಂದು ನೀರು ಕೇಳಿದ, ಬೇರೇನೂ ಮಾತಾಡಲಿಲ್ಲ.

ನಮ್ಮದು 35 ಎಚ್‌ಪಿ ಟ್ರ್ಯಾಕ್ಟರ್. ಅದರ ಸ್ವಂತ ತೂಕ ಎರಡು ಟನ್ನಿನ ಒಳಗೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧಕ್ಕೆ ಹತ್ತಿರ ಬರೀ ನೀರು. ಒಣಗಿದ ಕಟ್ಟಿಗೆ ತುಂಬಿದಷ್ಟೇ ಎತ್ತರಕ್ಕೆ ಹಸಿಯನ್ನೂ ತುಂಬಿದರೆ, ದೂಡುವ ಗಾಡಿ ಎಳೆಯುವ ಗಾಡಿಗಿಂತ ಎಷ್ಟೋ ಭಾರ. ನಾವು ಟ್ರ್ಯಾಕ್ಟರ್ ಎಷ್ಟು ಎಳೆಯುತ್ತದೆ ಎಂದು ಜಂಬ ಕೊಚ್ಚುತ್ತೇವೆ. ಅದು ಎಷ್ಟನ್ನು ನಿಲ್ಲಿಸುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹಳೇ ಟ್ರೈಲರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ, ರೇಟನ್ನಲ್ಲ.

ಮಾರನೇ ದಿನ ಗಾಡಿಯನ್ನು ವೆಲ್ಡಿಂಗ್ ಶಾಪಿಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಒಂದು ಸುತ್ತಿಗೆ ಹಿಡಿದು ತಳದ ಶೀಟಿನ ಉದ್ದಕ್ಕೂ ಕುಟ್ಟುತ್ತಾ ಹೋದರು. ಗಟ್ಟಿಯಿದ್ದಲ್ಲಿ ಒಂದು ಸದ್ದು, ಮರಳು ಹೊತ್ತು ಸವೆದಲ್ಲಿ ಹಪ್ಪಳದ ಸದ್ದು. ಮುಂದಿನ ಮೂಕಿಯ ಬುಡದಲ್ಲಿ ಪೇಂಟ್ ಕೆರೆದರೆ ಕೂದಲೆಳೆಯಂಥ ಬಿರುಕು, ಅದರ ಮೇಲೊಂದು ಹಳೇ ವೆಲ್ಡಿಂಗ್. ಚಕ್ರವನ್ನು ನೆಲದಿಂದ ಎತ್ತಿ ಅಲುಗಾಡಿಸಿದರೆ ಬೇರಿಂಗ್ ಲಟಲಟ. ಜಾಕನ್ನು ಹೊರೆಯ ಸಮೇತ ಎತ್ತಿ ಬಿಟ್ಟರು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಅದು ಗೇಣುದ್ದ ಕುಸಿದಿತ್ತು, ಸೀಲಿನಲ್ಲಿ ಎಣ್ಣೆ ಜಿನುಗುತ್ತಿತ್ತು. “ಎತ್ತಿದ ಟ್ರೈಲರಿನ ಅಡಿಗೆ ತಲೆ ಹಾಕಿದ್ರಾ?” ಎಂದು ಕೇಳಿದರು. ಹಾಕಿದ್ದೆ, ಗ್ರೀಸ್ ನೋಡಲಿಕ್ಕೆ. ಬಲವಾದ ಆಧಾರ ಕೊಡದೆ ಅಲ್ಲಿಗೆ ಯಾರೂ ಹೋಗಬಾರದು, ಒಂದು ಹೋಸ್ ಪೈಪ್ ಒಡೆದರೆ ಸಾಕು. ಈ ಪರೀಕ್ಷೆಗಳೆಲ್ಲ ದುಡ್ಡು ಕೊಡುವ ಮೊದಲು ಮಾಡುವಂಥವು.

ಕಾಗದದ ವಿಷಯದಲ್ಲಿ ಮಾತ್ರ ಅದೃಷ್ಟ ನನ್ನ ಕಡೆಗಿತ್ತು. ಟ್ರೈಲರಿಗೆ ಅದರದೇ ನೋಂದಣಿ, ಅದರದೇ ನಂಬರು. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡರೆ ಅದು ನಮ್ಮದಾಗುವುದಿಲ್ಲ. ಫಾರಂ 29, ಫಾರಂ 30 ತುಂಬಿ, ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಕೊಡಬೇಕು. ಬ್ಯಾಂಕ್ ಸಾಲವಿದ್ದ ಗಾಡಿಯಾದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಟ್ರ್ಯಾಕ್ಟರಿಗೆ ವಿಮೆ ಇದೆಯೆಂದು ಸುಮ್ಮನಿರಬೇಡಿ, ಪಾಲಿಸಿಯಲ್ಲಿ ಟ್ರೈಲರಿನ ಉಲ್ಲೇಖವೂ ಇರಬೇಕು. ಇಷ್ಟೆಲ್ಲ ಕಾಗದ ಓಡಾಡಿದರೂ, ಆ ಗಾಡಿಗೆ ಬ್ರೇಕ್ ಇದೆಯಾ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ಕೈ ಬದಲಾಗುವಾಗಲಾದರೂ ಟ್ರೈಲರಿನ ಬ್ರೇಕು, ಹಿಂದಿನ ದೀಪ, ಕೆಂಪು ರಿಫ್ಲೆಕ್ಟರ್ ಕಣ್ಣಾರೆ ನೋಡುವ ನಿಯಮ ಬರಲಿ. ಮುಸ್ಸಂಜೆಯಲ್ಲಿ ದೀಪವಿಲ್ಲದ ಕಟ್ಟಿಗೆ ಟ್ರೈಲರಿಗೆ ಹಿಂದಿನಿಂದ ಬೈಕ್ ಗುದ್ದಿದ ಸುದ್ದಿ ನಮ್ಮ ಕಡೆಯವರಿಗೆ ಹೊಸದಲ್ಲ.

ಈಗ ನಮ್ಮನೆಯಲ್ಲಿ ಕೆಲವು ಕಟ್ಟುಪಾಡುಗಳಿವೆ. ರಸ್ತೆಗೆ ಇಳಿಯುವ ಮೊದಲು ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳಿಗೂ ಸೇರಿಸಿ ಕೊಂಡಿ ಹಾಕಬೇಕು. ಬಿಡಿಯಾಗಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ತಿರುಗುತ್ತದೆ. ಹುಕ್ಕಿನ ಪಿನ್ನಿಗೆ ಲಾಕ್, ಜೊತೆಗೆ ಸರಪಳಿ. ಗುಡ್ಡದ ನೆತ್ತಿಯಲ್ಲೇ ಸಣ್ಣ ಗೇರ್, ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿದವನಿಗೆ ಮರುದಿನ ಕೆಲಸವಿಲ್ಲ. ದಪ್ಪ ಕುಂಟೆಗಳು ತಳಕ್ಕೆ, ಆಕ್ಸಲ್ಲಿಗಿಂತ ತುಸು ಮುಂದಕ್ಕೆ. ಹಿಂದಕ್ಕೆ ಭಾರ ಬಿದ್ದರೆ ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ಕಟ್ಟಿಗೆಯ ಮೇಲೆ ಆಳುಗಳು ಕೂರುವಂತಿಲ್ಲ. ಇದಕ್ಕೆ ಮೊದಲ ವಾರ ನನ್ನ ಮೇಲೆ ಎಲ್ಲರಿಗೂ ಸಿಟ್ಟು.

ಮೂಕಿ ಹೊಸದು ಹಾಕಿಸಿ, ಟ್ರ್ಯಾಕ್ಟರಿನ ಜೊತೆಗೇ ಹಿಡಿಯುವ ಬ್ರೇಕ್ ಕೂರಿಸಿದೆ. ನವಿಲು ಅಳಿಸಿಲ್ಲ. ಕಟ್ಟಿಗೆಯನ್ನು ಕಡಿದಲ್ಲೇ ಎರಡು ತಿಂಗಳು ಒಣಗಿಸಿ, ಡೋರಿನ ಮಟ್ಟಕ್ಕಷ್ಟೇ ತುಂಬುತ್ತೇವೆ. ಮೊದಲು ಏಳು ಟ್ರಿಪ್ಪಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈ ಬೇಸಿಗೆ ಹನ್ನೊಂದು ಟ್ರಿಪ್ ಬೇಕಾಯಿತು.